ಬೋಳಬಾಗಿಲ ವಾಡೆ

ನಂಬುವುದಿಲ್ಲ ಅನ್ನುವವರು ಮೊದಲು ಜಾಲಿಕೊಪ್ಪಕ್ಕೆ ಬಂದು ನಮ್ಮ ವಾಡೆಯ ಬಾಗಿಲಲ್ಲಿ ಒಮ್ಮೆ ಎಡವಿ ತೋರಿಸಲಿ. ಆಗುವುದಿಲ್ಲ. ಎಡವುವುದಕ್ಕೆ ಅಲ್ಲಿ ಏನೂ ಇಲ್ಲ. ಸುತ್ತಿನ ಊರುಗಳಲ್ಲಿ ದೇಸಾಯರ ವಾಡೆಗಳಿವೆ, ಅಂಬಾರಿ ಹೊತ್ತ ಆನೆ ನುಗ್ಗುವಷ್ಟು ಎತ್ತರದ ಬಾಗಿಲುಗಳಿವೆ, ನೋಡುವವರ ಪೇಟ ಹಿಂದಕ್ಕೆ ಬೀಳುವಂಥ ಬುರುಜುಗಳಿವೆ. ಇರಲಿ ಬಿಡಿ. ಆದರೆ ಬೀದಿಯ ಧೂಳು, ಹಾದಿಹೋಕರ ಚಕ್ಕಡಿ, ಯಾರದೋ ಮನೆಯ ಮೇಕೆ, ಮೊಣಕಾಲ ಮೇಲೆ ತೆವಳುವ ಕೂಸು, ಎಲ್ಲವೂ ಕಾಲೆತ್ತದೆ ನೆಟ್ಟಗೆ ಒಳಗೆ ಹೋಗಬಹುದಾದ ವಾಡೆ ಇನ್ನೊಂದನ್ನು ತೋರಿಸಿ. ತೋರಿಸಿದರೆ ನಮ್ಮೂರ ಗಂಡಸರೆಲ್ಲ ಸಾಲಾಗಿ ಕೂತು ಮೀಸೆ ಬೋಳಿಸಿಕೊಳ್ಳುತ್ತಾರೆ.

ಇದಕ್ಕೆ ಬೋಳಬಾಗಿಲ ವಾಡೆ ಎಂದು ಹೆಸರು. ಪೇಟೆಯಿಂದ ಕ್ಯಾಮೆರಾ ಹಿಡಿದು ಬಂದವರು ಹೆಸರು ಕೇಳಿದ ಕೂಡಲೇ, ಬಾಗಿಲಿಗೆ ಕೆತ್ತನೆ ಇರಲಿಕ್ಕಿಲ್ಲ, ಅದಕ್ಕೇ ಬೋಳ ಅಂದಿರಬೇಕು ಎಂದು ತಾವೇ ತೀರ್ಮಾನಿಸಿಬಿಡುತ್ತಾರೆ. ಅಂಥವರನ್ನು ನಾವು ಸುಮ್ಮನೆ ಬಾಗಿಲ ಮುಂದೆ ನಿಲ್ಲಿಸುತ್ತೇವೆ. ಚೌಕಟ್ಟಿನ ಮೇಲುಪಟ್ಟಿಯಲ್ಲಿ ಗಜಲಕ್ಷ್ಮಿ, ಎರಡೂ ಮಗ್ಗುಲಿಗೆ ಗಿಳಿಗಳ ಸಾಲು, ಬಳ್ಳಿ, ತಾವರೆ. ಗೇಣು ಜಾಗ ಖಾಲಿ ಇಲ್ಲ. ಕಣ್ಣು ಕೆಳಗಿಳಿಸಿದಾಗ ಮಾತ್ರ ಅವರಿಗೆ ತಿಳಿಯುತ್ತದೆ. ಚೌಕಟ್ಟಿನ ಎರಡು ಕಾಲುಗಳು ಎರಡು ಕಲ್ಲುಗಳ ಮೇಲೆ ನಿಂತಿವೆ. ನಡುವೆ ಹೊಸ್ತಿಲು ಇರಬೇಕಾದ ಜಾಗ ಬರಿದು. ಹೊಸ್ತಿಲನ್ನು ಕೂಡಿಸಿದ್ದ ಕಚ್ಚುಗಳು ಎರಡೂ ಕಾಲುಗಳಲ್ಲಿ ಹಲ್ಲು ಬಿದ್ದ ಬಾಯಿಯ ಹಾಗೆ ತೆರೆದುಕೊಂಡಿವೆ. ಒಳಗೆ ದೊಡ್ಡ ಪಡಸಾಲೆ, ಬೆಳಕಿಂಡಿ, ನಡುವಂಗಳದಲ್ಲಿ ಬಾವಿ. ಇಂದಿಗೂ ಮದುವೆ ಅಲ್ಲೇ, ನ್ಯಾಯ ಅಲ್ಲೇ, ಮಕ್ಕಳ ಓದು ಅಲ್ಲೇ, ಕೊನೆಯ ಬಸ್ಸು ತಪ್ಪಿದವರ ನಿದ್ದೆಯೂ ಅಲ್ಲೇ. ಯಾರ ಮನೆ ಎಂದು ಕೇಳಿದರೆ, ಕೇಳಿಸಿಕೊಂಡವರು ತಮ್ಮದೇ ಎನ್ನುತ್ತಾರೆ.

ಹಿಂದೆ ಒಮ್ಮೆ ಈ ವಾಡೆ ಒಬ್ಬನದಾಗಿತ್ತು. ಅವನ ಹೆಸರು ನೀಲನಗೌಡ. ತಂದೆ ಹಿರೇಗೌಡ ತೀರಿಕೊಂಡು ಗೌಡಿಕೆ ಕೈಗೆ ಬಂದಾಗ ಇನ್ನೂ ಹರೆಯ. ಮೈಯಲ್ಲಿ ಕಸುವು, ಬಾಯಲ್ಲಿ ಅದರ ಎರಡರಷ್ಟು. ಕೈಗೆ ಬಂದ ವಾಡೆಯಾದರೋ ಅರ್ಧ ಬಿದ್ದಿತ್ತು. ಹಿರೇಗೌಡ ತನ್ನ ಕೊನೆಯ ವರ್ಷಗಳಲ್ಲಿ ದೊಡ್ಡಬಾಗಿಲನ್ನು ತೆರೆಯುವುದನ್ನೇ ಬಿಟ್ಟು ಹಿತ್ತಿಲ ಬಾಗಿಲಿನಿಂದ ಓಡಾಡುತ್ತಿದ್ದನಂತೆ. ಊರವರೂ ಆ ಕಡೆ ಸುಳಿಯುತ್ತಿರಲಿಲ್ಲ. ಜನರ ಕಾಲಾಡದ ಮನೆಯಲ್ಲಿ ಗೆದ್ದಲು ಆಡಿತು, ಬಾವಲಿ ಆಡಿತು. ಮಾಳಿಗೆಯ ಮಣ್ಣು ಮಳೆಗೆ ತೊಯ್ದು ಜಂತಿಗಳು ಒಂದೊಂದಾಗಿ ಕುಸಿದವು. ಸಂತೆಯಲ್ಲಿ ಪರ ಊರಿನವರು ನೀಲನಗೌಡನನ್ನು ಕಂಡರೆ, 'ಏನ್ರಿ ಗೌಡ್ರ, ನಿಮ್ಮ ವಾಡೇದಾಗ ನೀವು ಇರತೀರೋ, ಬಾವಲಿ ನಿಮ್ಮನ್ನ ಇಟಗೊಂಡಾವೋ?' ಎಂದು ಕೇಳುವರು. ಈ ಮಾತು ಅವನ ಎದೆಗೆ ಮುಳ್ಳಿನ ಹಾಗೆ ನಾಟಿತು. ಒಂದು ಸಲ ಸಂತೆಯಿಂದ ಮರಳಿದವನೇ ಊರವರನ್ನು ಕಟ್ಟೆಗೆ ಕೂಡಿಸಿ, ವಾಡೆಯನ್ನು ಮತ್ತೆ ಎತ್ತಿ ನಿಲ್ಲಿಸಿ ಊರಿಗೇ ಕೊಡುತ್ತೇನೆ, ಮದುವೆ ಮುಂಜಿ ಶಾಲೆ ನ್ಯಾಯ ಎಲ್ಲ ಅದರಲ್ಲೇ ನಡೆಯಲಿ, ಮತ್ತೆ ದಂಡು ಬಂದರೆ ಊರೆಲ್ಲ ಅದರಲ್ಲೇ ಅಡಗಲಿ ಎಂದು ಸಾರಿಬಿಟ್ಟ. ಆಗ ಲೂಟಿಯ ದಂಡುಗಳ ಕಾಲ ಪೂರ್ತಿ ಮುಗಿದಿರಲಿಲ್ಲ. ಜನಕ್ಕೆ ಮಾತು ಹಿಡಿಸಿತು.

ನಮ್ಮ ಕಡೆ ದೊಡ್ಡ ಕೆಲಸಕ್ಕೆ ಕೈ ಹಾಕುವವನು ಅರಿಸಿನ ಕೊಂಬಿನ ಕಂಕಣ ಕಟ್ಟಿಸಿಕೊಳ್ಳುತ್ತಾನೆ. ಕಂಕಣ ಬಿಚ್ಚುವ ತನಕ ಊರ ಸೀಮೆ ದಾಟಬಾರದು, ಮತ್ತು ಕಟ್ಟಿದವರೇ ಬಿಚ್ಚಬೇಕು. ಮಠದ ಅಜ್ಜನವರು ಬಂದು ನೀಲನಗೌಡನ ಬಲಗೈ ಹಿಡಿದು, 'ಕೆಲಸ ಮುಗಿಯೂ ತನಕ ಸೀಮಿ ದಾಟಂಗಿಲ್ಲ ಅಂತ ಅನ್ನಪಾ' ಎಂದರು. ಊರೆಲ್ಲ ನೋಡುತ್ತಿತ್ತು. ಎಲ್ಲರೂ ಅನ್ನುವುದನ್ನೇ ಅಂದರೆ ನೀಲನಗೌಡ ಹೇಗಾದಾನು? ಎದೆ ಸೆಟೆಸಿ, 'ಸೀಮಿ ಯಾಕ ಅಜ್ಜಾರ, ಹೊಸ್ತಿಲಾನ ದಾಟಂಗಿಲ್ಲ. ಊರು ಈ ಮನಿ ಒಳಗ ಬರೂ ತನಕ ನಾ ಹೊರಗ ಹೋಗಂಗಿಲ್ಲ!' ಎಂದ. ಅಜ್ಜನವರು ಕಟ್ಟುತ್ತಿದ್ದ ಗಂಟನ್ನು ನಡುವೆ ನಿಲ್ಲಿಸಿದರು. 'ಊರು ಅಂದಿ, ನೋಡು ಮತ್ತ.' 'ಅಂದೆ.' 'ಊರು ಅಂದರ ಬಾಳ ದೊಡ್ಡ ಮಾತು ತಮ್ಮಾ.' 'ನನ್ನ ಮನೀನೂ ಸಣ್ಣದಲ್ಲ, ಕಟ್ಟರಿ' ಎಂದು ನಕ್ಕ. ಅಜ್ಜನವರು ಗಂಟು ಬಿಗಿದರು.

ಅಲ್ಲಿಂದ ಕೆಲಸ ಎದ್ದಿತು ನೋಡಿ. ಮನೆಗೊಬ್ಬ ಆಳಿನಂತೆ ಊರು ಸರದಿಯಲ್ಲಿ ದುಡಿಯಿತು. ಹೊಂಡದಲ್ಲಿ ಮಣ್ಣಿಗೆ ಹುಲ್ಲು ಬೆರೆಸಿ ಎತ್ತುಗಳಿಂದ ತುಳಿಸಿದರು. ಹೊಸ ಜಂತಿ ಏರಿಸಿ, ಅದರ ಮೇಲೆ ಸಣ್ಣ ಕಟ್ಟಿಗೆಯ ಚಿಲಕಿ ಹಾಸಿ, ನೀರು ಇಳಿಯದ ಸವಳುಮಣ್ಣನ್ನು ಹಳ್ಳದ ದಂಡೆಯಿಂದ ಚಕ್ಕಡಿಗಟ್ಟಲೆ ತಂದು ಬಡಿದರು. ನೀಲನಗೌಡ ಪಡಸಾಲೆಯ ನಡುವೆ ನಿಂತು ಗಂಟಲು ಹರಿಯುವಂತೆ ಹುಕುಂ ಕೊಡುತ್ತಿದ್ದ. ತಾನೂ ಕಂಬಕ್ಕೆ ಹೆಗಲು ಕೊಟ್ಟ, ಬಾವಿಗೆ ಇಳಿದು ಹೂಳು ತೆಗೆದ, ಆದರೆ ಹೊಸ್ತಿಲ ಕಡೆ ಮಾತ್ರ ಹೋಗಲಿಲ್ಲ. ಊಟವನ್ನು ಓಣಿಯವರು ಸರದಿಯಲ್ಲಿ ತಂದುಕೊಟ್ಟರು. ತಂದೆ ಓಡಾಡಿದ ಹಿತ್ತಿಲ ಬಾಗಿಲನ್ನು, 'ಕಳ್ಳಬಾಗಲಾ ನಮಗ್ಯಾಕ?' ಎಂದು ಕಲ್ಲಿಟ್ಟು ಮುಚ್ಚಿಸಿದ. ದೊಡ್ಡಬಾಗಿಲನ್ನು ಮಾತ್ರ ಉಜ್ಜಿ ಎಣ್ಣೆ ಕುಡಿಸಿ ಹೊಸದರಂತೆ ಮಾಡಿಸಿದ. ಅದರ ಹೊಸ್ತಿಲು ಇಡೀ ತೇಗಿನ ಒಂದೇ ದಿಮ್ಮಿ. ಮೊಣಕಾಲೆತ್ತರ, ಮೇಲೆ ಹಿತ್ತಾಳೆಯ ತಗಡು. ಹಳ್ಳದ ಆಚೆಯ ಊರಿನ ಹುಡುಗಿಯೊಬ್ಬಳ ಜೊತೆ ಅವನಿಗೆ ನಿಶ್ಚಯವಾಗಿತ್ತು. ಮದುವೆ ಹುಡುಗಿಯ ಊರಲ್ಲಿ, ಆಮೇಲೆ ಅವಳು ಇದೇ ಹೊಸ್ತಿಲ ಮೇಲೆ ಅಕ್ಕಿಯ ಸೇರು ಒದ್ದು ಒಳಗೆ ಬರುವವಳು. ಬಡಿಗೇರ ಮೌನಪ್ಪ ಹಿತ್ತಾಳೆಗೆ ಹೊಳಪು ಕೊಡುವಾಗ ನೀಲನಗೌಡ ಒಳಗಿನಿಂದಲೇ ಬಗ್ಗಿ ತನ್ನ ಮುಖ ನೋಡಿಕೊಳ್ಳುತ್ತಿದ್ದ ಎನ್ನುತ್ತಾರೆ.

ಕೆಲಸ ಮುಗಿಯಿತು. ಹೋಳಿಗೆಯ ಊಟ. ಮುದುಕರು, ಬಾಣಂತಿಯರು, ಕುಂಟರು, ಮುನಿಸಿಕೊಂಡ ಅಳಿಯಂದಿರು, ಎಲ್ಲರೂ ಒಳಗೆ ಬಂದು ಉಂಡರು. ನೀಲನಗೌಡ ಎಲೆಅಡಿಕೆ ಹಾಕಿಕೊಂಡು ಅಜ್ಜನವರ ಮುಂದೆ ಕೈ ಚಾಚಿದ. ಅಜ್ಜನವರು ಪಡಸಾಲೆಯ ಸುತ್ತ ಕಣ್ಣಾಡಿಸಿ, 'ಊರೆಲ್ಲ ಬಂತೇನು?' ಎಂದು ಕೇಳಿದರು. ಹೆಂಗಸರ ಕಡೆಯಿಂದ ಯಾರೋ, 'ಕುಂಬಾರ ಓಣಿ ಪಾರವ್ವ ಬಂದಿಲ್ಲರಿ' ಎಂದರು. ನೀಲನಗೌಡ ನಕ್ಕುಬಿಟ್ಟ. 'ಒಬ್ಬಾಕಿ ಮುದುಕಿ ಊರಾಗತಾಳೇನ್ರಿ ಅಜ್ಜಾರ?' ಅಜ್ಜನವರು ನಗಲಿಲ್ಲ. 'ಆಕಿ ಊರಲ್ಲ ಅಂತ ನಿನ್ನ ಬಾಯಿಲೆ ಅನ್ನು. ಈಗಿಂದೀಗ ಬಿಚ್ಚತೀನಿ.'

ಅನ್ನುವುದಕ್ಕೆ ಬಾಯಿ ತೆರೆದ. ಮಾತು ಬರಲಿಲ್ಲ. ಯಾಕೆಂದರೆ ಆ ಮಾತನ್ನು ಅದೇ ಪಡಸಾಲೆಯಲ್ಲಿ ಒಮ್ಮೆ ಕೇಳಿದ್ದ. ಅವನು ತಾಯಿಯ ಸೆರಗು ಬಿಡದ ವಯಸ್ಸಿನಲ್ಲಿ ಒಂದು ಸಂಜೆ ಲೂಟಿಯ ದಂಡು ಹಳ್ಳ ದಾಟಿ ಬಂದಿತ್ತು. ಊರವರು ದನ ಬಿಟ್ಟು, ಒಲೆ ಮೇಲಿನ ಗಡಿಗೆ ಬಿಟ್ಟು ವಾಡೆಯೊಳಗೆ ನುಗ್ಗಿದರು. ಕುಂಬಾರ ಓಣಿ ಮಾತ್ರ ಊರ ಹೊರಗೆ. ಮಡಕೆ ಸುಡುವ ಆವಿಗೆಯ ಹೊಗೆ ಊರಿಗೆ ಬಡಿಯಬಾರದೆಂದು ಹಿರಿಯರೇ ಅವರನ್ನು ಹಳ್ಳದ ದಂಡೆಗೆ ಇರಿಸಿದ್ದರು. ಓಡಿ ಬರಲು ಅವರಿಗೆ ಹೊತ್ತು ಹಿಡಿಯಿತು. ಹಿರೇಗೌಡ ಒಳಗಿನ ಜನವನ್ನು ನೋಡಿ, 'ಊರೆಲ್ಲ ಒಳಗಾತು, ಅಗಳಿ ಹಾಕ್ರಿ' ಎಂದ. ಅಗಳಿ ಅಂದರೆ ಕದದ ಹಿಂದೆ ಅಡ್ಡ ಬೀಳುವ ಮರದ ತೊಲೆ; ನಾಲ್ಕು ಜನ ಎತ್ತಬೇಕು. ಅದು ಬಿದ್ದ ಮೇಲೆ ಹೊರಗಿನಿಂದ ಬಡಿತ ಕೇಳಿತು. ಕೈಯಿಂದ ಬಡಿದರು, ಆಮೇಲೆ ಕಲ್ಲಿನಿಂದ ಬಡಿದರು. 'ಅಪ್ಪಾ, ಯಾರೋ ಬಡಿಯಾಕಹತ್ಯಾರ' ಎಂದ ಮಗನಿಗೆ ಹಿರೇಗೌಡ, 'ಊರೆಲ್ಲ ಒಳಗ ಐತಿ. ಹೊರಗ ಯಾರೂ ಇಲ್ಲ' ಎಂದು ಹೇಳಿದ. ಬಡಿತ ನಿಂತಿತು. ಆ ದಿನದ ಮೇಲೆ ಹಿರೇಗೌಡ ದೊಡ್ಡಬಾಗಿಲಿನಿಂದ ಓಡಾಡಲಿಲ್ಲ.

ನೀಲನಗೌಡ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

ಮೊದಮೊದಲು ಅವನಿಗೆ ಇದು ನಾಳೆ ನಾಡಿದ್ದು ಮುಗಿಯುವ ಮಾತು ಎಂದೇ ಅನ್ನಿಸಿತ್ತು. ಪಾರವ್ವನಿಗೆ ಇಳಕಲ್ಲ ಸೀರೆ ಕಳಿಸಿದ. ಅದು ಮಡಿಕೆ ಬಿಚ್ಚದೆ ಮರಳಿ ಬಂತು. ಕಮಾನು ಕಟ್ಟಿದ ಕೊಲ್ಲಾರಿ ಬಂಡಿ ಕಳಿಸಿದ; ಎತ್ತುಗಳಿಗೆ ನೀರು ಕುಡಿಸಿ ತಿರುಗಿ ಕಳಿಸಿದಳು. ಮೌನಪ್ಪ ಒಂದು ಉಪಾಯ ಹೇಳಿದ: ಹಿತ್ತಿಲ ಗೋಡೆ ಒಡೆದರೆ ಆಕೆ ಆ ಕಡೆಯಿಂದ ಬಂದು ಹೋಗಬಹುದಲ್ಲ? ಅದಕ್ಕೆ ಪಾರವ್ವ, 'ಊರು ಹಿತ್ತಲಬಾಗಲಿಂದ ಬರತದೇನೋ ಮೌನಪ್ಪಾ? ಬೆಕ್ಕು ಬರತದ' ಎಂದು ಹೇಳಿ ಕಳಿಸಿದಳು. ಊರಿಡೀ ಈ ಮಾತಿಗೆ ನಕ್ಕಿತು. ನಗು ವಾಡೆಯೊಳಗೂ ಕೇಳಿಸಿತು.

ವಾಡೆ ಮಾತ್ರ ತುಂಬಿ ತುಳುಕುತ್ತಿತ್ತು. ಬೆಳಗಾದರೆ ಅಜ್ಜನವರ ಶಾಲೆ, ಹೊತ್ತೇರಿದರೆ ನ್ಯಾಯ, ಲಗ್ನದ ದಿನಗಳಲ್ಲಿ ಚಪ್ಪರ. ತಾನು ಬಯಸಿದ್ದೆಲ್ಲ ತನ್ನ ಕಣ್ಣೆದುರೇ ನಡೆಯುತ್ತಿತ್ತು. ಬಂದವರು ಹೋಗುತ್ತಿದ್ದರು, ಹೋದವರು ಬರುತ್ತಿದ್ದರು, ಹೋಗಲಾರದವನು ಅವನೊಬ್ಬನೇ. ಯಾರ ಹೊಲದಲ್ಲಿ ಜೋಳ ಎಷ್ಟೆತ್ತರಕ್ಕೆ ಬಂದಿದೆ ಎಂದು ಬಂದವರನ್ನು ಕೇಳುತ್ತಿದ್ದ. ಅವರು ಎದೆಯ ತನಕ ಕೈ ಇಟ್ಟು ತೋರಿಸುತ್ತಿದ್ದರು. ಅವನಿಗೆ ಬಿಸಿಲು ಅಂದರೆ ಬೆಳಕಿಂಡಿಯಿಂದ ಬಿದ್ದು ಗೋಡೆ ಹತ್ತಿ ಹೋಗುವ ಒಂದು ಚೌಕ, ಮಳೆ ಅಂದರೆ ಬಾವಿಯ ನೀರಿನ ಮೇಲೆ ಏಳುವ ಗುಳ್ಳೆ. ಬೀಸುವಾಗ ಹೆಂಗಸರು ಅವನ ಮೇಲೆ ಹಾಡು ಕಟ್ಟಿದರು. ಮದುವೆಗೆ ಬಂದ ಬೀಗರು, 'ಪಡಸಾಲಿಗೆ ಕಂಬ ಎಷ್ಟರಿ?' ಎಂದು ಕೇಳಿದರೆ ಊರ ಹುಡುಗರು, 'ಗೌಡ್ರನ್ನ ಹಿಡಿದೋ ಬಿಟ್ಟೋ?' ಎನ್ನುವರು. ಮೊದಲಾಗಿದ್ದರೆ ಅಂಥವರ ಹಲ್ಲು ಉದುರುತ್ತಿತ್ತು. ಈಗ ನೀಲನಗೌಡ ಕಂಬಕ್ಕೆ ಒರಗಿ ಕಂಕಣ ತಿರುವುತ್ತ ಕೂರುತ್ತಿದ್ದ. ಅರಿಸಿನ ಕೊಂಬು ಒಣಗಿ ಸುಕ್ಕಾಗಿ ಕಪ್ಪಗಾಗಿತ್ತು.

ಹುಡುಗಿಯ ಕಡೆಯವರು ಒಂದು ಸುಗ್ಗಿ ಕಾದರು, ಇನ್ನೊಂದು ಸುಗ್ಗಿ ಕಾದರು. ಮಗಳನ್ನು ಕಂಬಕ್ಕೆ ಕಟ್ಟಲಿಕ್ಕಾಗುತ್ತದೆಯೇ? ಬೇರೆ ಕಡೆ ಕೊಟ್ಟರು. ದಿಬ್ಬಣ ಹೋಗಬೇಕಾದ ಹಾದಿ ಜಾಲಿಕೊಪ್ಪದ ಮೇಲೆಯೇ ಇತ್ತು. ಎತ್ತುಗಳ ಗೆಜ್ಜೆ ದೂರದಿಂದಲೇ ಕೇಳಿ ನೀಲನಗೌಡ ಬಾಗಿಲಿಗೆ ಬಂದು, ಕಾಲಬೆರಳು ಹೊಸ್ತಿಲಿಗೆ ತಾಗಿಸಿ ನಿಂತ. ಬಂಡಿಗಳು ಒಂದೊಂದಾಗಿ ಹಾದವು. ಬಾಸಿಂಗ ಕಟ್ಟಿದ ಹುಡುಗಿ ತಲೆಯೆತ್ತಲಿಲ್ಲ; ಅವಳ ತಂದೆ ಮಾತ್ರ ಬಂಡಿ ಇಳಿದು ಬಂದು ಹೊರಗೇ ನಿಂತು, 'ಗೌಡ್ರ, ಒಂದು ಕಾಲು ಹೊರಗ ಇಟ್ಟಿದ್ದರ ಸಾಕಿತ್ತಲ್ರಿ' ಎಂದು ಕಣ್ಣೊರೆಸಿಕೊಂಡ. ನೀಲನಗೌಡ ಕಾಲು ಎತ್ತಿದ. ತಡೆಯುವವರು ಯಾರೂ ಇರಲಿಲ್ಲ. ಕದ ಹಾರು ಹೊಡೆದಿತ್ತು, ಅಗಳಿ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಕಾಲು ಗಾಳಿಯಲ್ಲಿ ಇದ್ದಷ್ಟು ಹೊತ್ತು ಅವನಿಗೆ ಆ ಸಂಜೆಯ ಬಡಿತ ಕೇಳಿತಂತೆ. ಎತ್ತಿದ ಕಾಲನ್ನು ಎತ್ತಿದಲ್ಲೇ ಇಳಿಸಿದ.

ಮರುದಿನ ಪಾರವ್ವನಿಗೆ ಹೇಳಿ ಕಳಿಸಿದ. ಒಳಗೆ ಬಾ ಎಂದಲ್ಲ. ಬಾಗಿಲ ತನಕ ಬಾ, ಒಂದು ಮಾತು ಕೇಳಬೇಕು ಎಂದು. ಈ ಸಲ ಆಕೆ ಬಂದಳು. ಕೋಲು ಮಗ್ಗುಲಿಗಿಟ್ಟು ಹೊರಗಿನ ಕಟ್ಟೆಯ ಮೇಲೆ ಕೂತಳು. ನೀಲನಗೌಡ ಒಳಗೆ ನೆಲದ ಮೇಲೆ ಕೂತ. ನಡುವೆ ಹೊಸ್ತಿಲು. ಬೀದಿಯ ಜನ ಕೆಲಸ ಬಿಟ್ಟು ಅಲ್ಲಲ್ಲೇ ನಿಂತರು.

'ಯಾಕ ಬರವಲ್ಲಿ ಯವ್ವಾ? ಸಿಟ್ಟೇನು?'

'ಸಿಟ್ಟು ಮಾಡಿಕೊಳ್ಳಾಕ ನಿಮ್ಮಪ್ಪ ಇಲ್ಲಲ್ಲೋ. ನಿನ್ನ ಮ್ಯಾಲ ಏನು ಸಿಟ್ಟು.' ಆಮೇಲೆ ಆಕೆಯೇ ಕೇಳಿದಳು: 'ಆ ದಿನ ಬಡಿದಿದ್ದು ಒಳಗ ನಿನಗ ಕೇಳಿಸಿತೇನು?'

'ಕೇಳಿಸಿತು.'

'ಬಡಿದಾವ ನನ್ನ ಗಂಡ. ನನ್ನನ್ನ ಜಾಲಿ ಮೆಳಿಯಾಗ ದಬ್ಬಿ ತಾ ಬಡದಾ. ಕುದುರಿಯವ್ರು ಬಂದು ಹೊಡದ ಮ್ಯಾಲ ಇದರ ಮ್ಯಾಲ ಅಡ್ಡ ಬಿದ್ದ.' ಕೋಲಿನ ತುದಿಯಿಂದ ಹೊಸ್ತಿಲಿನ ಹಿತ್ತಾಳೆಯನ್ನು ಮುಟ್ಟಿ ತೋರಿಸಿದಳು. 'ಮಲಗಿದ ಮನಷ್ಯಾನ್ನ ದಾಟಬಾರದು ಅಂತ ನಿಮ್ಮ ಮನ್ಯಾಗ ಹೇಳಿಕೊಟ್ಟಿಲ್ಲೇನು ತಮ್ಮಾ? ಇದನ್ನ ದಾಟಿದರ ನಾ ಅವನ್ನ ದಾಟಿದಂಗ. ಕದಾ ತಗಿಯೂದರಾಗ ಅವನ್ನ ನಾನ ಎತ್ತಿ ಒಯ್ದಿದ್ದೆ. ಊರು ದಾಟಿತು, ಊರಿಗೆ ಗೊತ್ತಿರಲಿಲ್ಲ. ನಂಗ ಗೊತ್ತೈತಲ್ಲ.'

ಇಷ್ಟು ಹೇಳಿ ಕೋಲು ಊರಿ ಎದ್ದು ಹೋದಳು. ನೀಲನಗೌಡ ಅಲ್ಲೇ ಕೂತಿದ್ದ. ಎಣ್ಣೆ ಕುಡಿಸಿದ, ಹೊಳಪು ಕೊಡಿಸಿದ, ಮುಖ ನೋಡಿಕೊಂಡ ಹೊಸ್ತಿಲು ಅವನ ಮೊಣಕಾಲ ಮುಂದೆ ಇತ್ತು. ಅದನ್ನು ಅವನು ಎಷ್ಟು ಹೊತ್ತು ನೋಡಿದನೋ ಯಾರೂ ಅಳೆದಿಲ್ಲ. ಆಮೇಲೆ ಮೌನಪ್ಪನನ್ನು ಕರೆಸಿ, 'ಇದನ್ನ ಕೀಳು' ಎಂದ.

ಮೌನಪ್ಪ ಹಾರೆಯನ್ನು ಕೈಯಿಂದ ಮುಟ್ಟಲೂ ಒಲ್ಲೆನೆಂದ. 'ಗೌಡ್ರ, ಹೊಸ್ತಿಲಾ ಕಿತ್ತರ ಇದು ಮನಿ ಆಗಿ ಉಳಿಯಂಗಿಲ್ಲರಿ. ಲಕ್ಷ್ಮಿ ಎಲ್ಲಿ ಕೂಡಬೇಕು? ಅರಿಸಿನ ಕುಂಕುಮ ಎಲ್ಲಿ ಹಚ್ಚಬೇಕು? ನಾಳೆ ನಿಮ್ಮ ಹೆಂಡತಿ ಬಂದು ಸೇರು ಎಲ್ಲಿ ಒದೀಬೇಕು? ಹೊಸ್ತಿಲಿಲ್ಲದ ಮನಿಗೆ ಹೆಣ್ಣು ಯಾರು ಕೊಡತಾರು?' ಸುತ್ತ ನಿಂತವರೂ ಹೌದೆಂದು ತಲೆಯಾಡಿಸಿದರು. ಅವನು ಹೇಳಿದ್ದು ಖರೆಯೇ; ನಮ್ಮಲ್ಲಿ ಹೊಸ್ತಿಲು ಇದ್ದರೆ ಮನೆ, ಇಲ್ಲದಿದ್ದರೆ ಚಾವಡಿ. ನೀಲನಗೌಡ ಊರಿಗೆ ಕೊಡುತ್ತೇನೆಂದು ಸಾರಿದ್ದನೇ ಹೊರತು, ಗೌಡರ ವಾಡೆ ಗೌಡರ ವಾಡೆಯೇ ಆಗಿ ಉಳಿಯುತ್ತದೆ, ಕೊಟ್ಟವನು ನಾನು ಎಂದು ಅದರ ನಡುವೆ ನಿಂತಿರುತ್ತೇನೆ ಎಂದೇ ಅಂದುಕೊಂಡಿದ್ದ. ಈಗ ಹಾರೆಯನ್ನು ತಾನೇ ಎತ್ತಿಕೊಂಡು ಒಳಗಿನಿಂದ ಹೊಸ್ತಿಲಿನ ಸಂದಿಗೆ ಇಳಿಸಿದ. ಮೊದಲ ಹೊಡೆತಕ್ಕೆ ಹಿತ್ತಾಳೆ ಸುರುಳಿಯಾಗಿ ಎದ್ದಿತು. ಅದರ ಕೆಳಗೆ ತೇಗಿನ ಮೈ ಒಂದು ಕಡೆ ಕಪ್ಪಗೆ ಕಲೆಗಟ್ಟಿತ್ತು. ಹಿತ್ತಾಳೆ ಹೊದಿಸಿದವನು ಹಿರೇಗೌಡ, ಅದೂ ಆ ಸಂಜೆಯ ಮರುವಾರ ಎಂದು ಆಗ ಹಿರಿಯರಿಗೆ ನೆನಪಾಯಿತು. ಚೌಕಟ್ಟು ಕೆಳಗೆ ಜಗ್ಗುವುದನ್ನು ಕಂಡು ಮೌನಪ್ಪನೇ ತಡೆಯಲಾರದೆ ಓಡಿಬಂದು ಎರಡು ಕಾಲಿನ ಕೆಳಗೂ ಕಲ್ಲು ಕೊಟ್ಟ. ದಿಮ್ಮಿ ಕಚ್ಚಿನಿಂದ ಬಿಟ್ಟು ಒಳಗೆ ಉರುಳಿತು.

ದಾಟುವುದಕ್ಕೆ ಈಗ ಏನೂ ಉಳಿದಿರಲಿಲ್ಲ. 'ಬರ್ರಿ ಗೌಡ್ರ, ಬರ್ರಿ ಹೊರಗ!' ಎಂದು ಹುಡುಗರು ಕೂಗಿದರು. ನೀಲನಗೌಡ ಅಲುಗಲಿಲ್ಲ. ತಾನು ಆಡಿದ್ದು ಎರಡು ಮಾತು, ಹೊಸ್ತಿಲಿನದು ಹೋದರೂ ಊರು ಒಳಗೆ ಬರಬೇಕೆಂಬ ಇನ್ನೊಂದು ಹಾಗೇ ಇತ್ತು. ಯಾರೋ ಕುಂಬಾರ ಓಣಿಗೆ ಓಡಿದರು. ಪಾರವ್ವ ಬಂದಳು. ಬರಿದಾದ ಜಾಗದ ಮುಂದೆ ನಿಂತು, ಬಗ್ಗಿ, ಅಲ್ಲಿಯ ಮಣ್ಣನ್ನು ಬೆರಳಿನಿಂದ ಮುಟ್ಟಿ ಹಣೆಗೆ ಹಚ್ಚಿಕೊಂಡಳು. ಆಮೇಲೆ ಕೋಲೂರುತ್ತ, ಕಾಲೆತ್ತದೆ, ಬೀದಿಯಲ್ಲಿ ನಡೆದಷ್ಟೇ ಸಲೀಸಾಗಿ ಒಳಗೆ ನಡೆದಳು. ಪಡಸಾಲೆಯ ನಡುವೆ ಕೂತು ಸುತ್ತ ನೋಡಿ, 'ಕಂಬ ಚಲೋ ನಿಂದರಿಸೀರಿ. ನೀರು ಕೊಡಾಕ ಯಾರೂ ಇಲ್ಲೇನು ಈ ಮನ್ಯಾಗ?' ಎಂದು ಗದರಿದಳು. ನೀಲನಗೌಡ ತಾನೇ ಬಾವಿಯಿಂದ ಸೇದಿ ತಂದುಕೊಟ್ಟ. ಅಜ್ಜನವರು ಬಂದು ಅವನ ಕೈ ಹಿಡಿದು, ಏನೂ ಕೇಳದೆ ಗಂಟು ಬಿಚ್ಚಿದರು.

'ಆ ಕಟ್ಟಿಗಿ ಏನು ಮಾಡತಿ?' ಎಂದು ಪಾರವ್ವ ಕೇಳಿದಳು. 'ನನ್ನ ಗಂಡನ ಕಟ್ಟಿಗಿ ಅದು. ನನ್ನ ಆವಿಗಿಗೆ ಕೊಡು.' ನೀಲನಗೌಡ ಮೊದಲ ಸಲ ಹೊರಗೆ ಕಾಲಿಟ್ಟಾಗ ಹೆಗಲ ಮೇಲೆ ಆ ದಿಮ್ಮಿ ಇತ್ತು. ಹೆಗಲು ಕೊಡಲು ಬಂದವರನ್ನು ಬೇಡವೆಂದ. ಹಳ್ಳದ ದಂಡೆಯ ತನಕ ಊರೆಲ್ಲ ಅವನ ಹಿಂದೆ ನಡೆಯಿತು, ಹೆಣದ ಹಿಂದೆ ಮಣ್ಣಿಗೆ ನಡೆಯುವಂತೆ. ಪಾರವ್ವನ ಮೈದುನನ ಮಗ ತಿಗರಿಯಲ್ಲಿ ಎತ್ತಿದ ಹಸಿ ಮಡಕೆಗಳನ್ನು ಆಕೆ ಒಟ್ಟಿದಳು, ನಡುವೆ ಸೀಳಿದ ಹೊಸ್ತಿಲನ್ನು ಇಟ್ಟು ಬೆಂಕಿ ಕೊಟ್ಟಳು. ಎಣ್ಣೆ ಕುಡಿದ ತೇಗು. ಹೊಗೆ ಊರ ಕಡೆಗೇ ಬಂತು. ಅಂದು ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ ಎನ್ನುತ್ತಾರೆ.

ನೀಲನಗೌಡ ಮುಂದೆ ವಾಡೆಯಲ್ಲಿ ಇರಲಿಲ್ಲ. ಊರಬಾಗಿಲ ಅಗಸಿಯ ಹತ್ತಿರ ಎರಡಂಕಣದ ಮನೆ ಕಟ್ಟಿಕೊಂಡ. ಅಲ್ಲಿಗೆ ಹೆಂಡತಿ ಬಂದಳು ಎನ್ನುವವರಿದ್ದಾರೆ, ಬರಲಿಲ್ಲ ಎನ್ನುವವರೂ ಇದ್ದಾರೆ. ನಮ್ಮೂರ ಅರ್ಧ ಜನ ತಾವು ಅವನ ವಂಶದವರೆಂದು ಹೇಳಿಕೊಳ್ಳುವುದರಿಂದ ಬಂದಿರಲೇಬೇಕು. ದಂಡು ಮತ್ತೆ ಬರಲಿಲ್ಲ. ಅಗಳಿಯನ್ನು ಯಾರೋ ಬಾವಿಯ ರಾಟೆಗೆ ಕಂಬ ಮಾಡಿದರು, ಅದು ಈಗಲೂ ಇದೆ. ಮಳೆ ಜೋರಾದರೆ ಬೀದಿಯ ನೀರು ಪಡಸಾಲೆಗೆ ನುಗ್ಗುತ್ತದೆ. ಸರಕಾರದಿಂದ ಬಂದ ಎಂಜಿನಿಯರು ಒಬ್ಬರು ಸಿಮೆಂಟಿನ ಸಣ್ಣ ಕಟ್ಟೆಯಾದರೂ ಕಟ್ಟಿಸಿಕೊಳ್ಳಿ ಎಂದಾಗ ಊರ ಹೆಂಗಸರು ಅವರಿಗೆ ಚಹಾ ಕುಡಿಸಿ ಬಸ್ಸು ಹತ್ತಿಸಿದರು. ನಾವು ನೀರನ್ನು ಗುಡಿಸಿ ಹೊರಹಾಕುತ್ತೇವೆ, ಅಷ್ಟೇ.

ನೋಡಲು ಬಂದವರು ಎರಡು ಕಲ್ಲುಗಳನ್ನೂ ಬರಿದಾದ ಕಚ್ಚುಗಳನ್ನೂ ಕಂಡ ಮೇಲೆ ಬಾಗಿಲ ಬಲಗಡೆ ತಿರುಗಲಿ. ಅಲ್ಲಿ ಉಸುಕಿನ ಗುಪ್ಪೆಯ ಮೇಲೆ ಒಂದು ದೊಡ್ಡ ನೀರಿನ ಹರವಿ ಕೂತಿದೆ, ಒಂದು ಮಗ್ಗುಲು ಕೆಂಪು, ಒಂದು ಮಗ್ಗುಲು ಕಪ್ಪು. ಹಾದಿಯಲ್ಲಿ ಹೋಗುವವರು ಯಾರನ್ನೂ ಕೇಳದೆ ಕುಡಿಯಬಹುದು. ಮಣ್ಣಿನದು, ಒಡೆಯುತ್ತದೆ, ಒಡೆದಾಗಲೆಲ್ಲ ಕುಂಬಾರ ಓಣಿಯವರು ಅದೇ ಗಾತ್ರದ್ದನ್ನು ತಂದು, ಬೇಕೆಂದೇ ಒಂದು ಮಗ್ಗುಲು ಕಪ್ಪಾಗುವಂತೆ ಸುಟ್ಟು, ಅಲ್ಲೇ ಇಡುತ್ತಾರೆ. ಹೊಸ್ತಿಲಿನ ಬೆಂಕಿಗೆ ಒಂದು ಮಗ್ಗುಲು ಕಪ್ಪಾದ ಮೊದಲನೆಯದನ್ನು ಪಾರವ್ವ ಆವಿಗೆ ಬಿಚ್ಚಿದ ದಿನ ತಾನೇ ತಲೆಯ ಮೇಲೆ ಹೊತ್ತು ತಂದು ನೀಲನಗೌಡನ ಕೈಗೆ ಕೊಟ್ಟಳು. ವಾಡೆ ಊರಿಗೆ ಹೋಯಿತು, ಹುಡುಗಿ ಬೇರೆಯವರ ಮನೆಗೆ ಹೋದಳು. ಅವನಿಗೆ ಕೊನೆಗೆ ಸಿಕ್ಕಿದ್ದು ಒಂದು ನೀರಿನ ಹರವಿ.